ಅಲರ್ಜಿಯೋ, ಧರ್ಮವೋ?

ಪ್ರವಾಸಕ್ಕೆ ಹೊರಡುವ ಮುನ್ನ ಬಂಧುಗಳೂ ಸ್ನೇಹಿತರೂ ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: ‘ಅಲ್ಲಿ ಊಟಕ್ಕೇನು ಮಾಡುತ್ತೀರಿ?’ ಪೋರ್ಚುಗಲ್‌ನಲ್ಲಿ ಏನು ನೋಡುತ್ತೀರಿ, ಸ್ಪೇನಿನಲ್ಲಿ ಎಷ್ಟು ದಿನ ಇರುತ್ತೀರಿ ಎಂದು ಕೇಳಿದವರು ಕಡಿಮೆ. ನಾವಿಬ್ಬರೂ ಮಾಂಸ, ಮೀನು ತಿನ್ನುವವರಲ್ಲ. ಮನೆಯ ಹೊರಗೆ ಮೊಟ್ಟೆಗೆ ಅಡ್ಡಿಯಿಲ್ಲ. ಆದುದರಿಂದ ಆ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ನಾವೂ ಅದನ್ನೇ ಕೇಳಿಕೊಂಡು, ಹದಿನಾರು ದಿನಗಳ ಪ್ರವಾಸಕ್ಕೆಂದು ಅವಲಕ್ಕಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು, ಖಾಖರಾ ತುಂಬಿದ ಒಂದು ಚೀಲವನ್ನೇ ಸಿದ್ಧಪಡಿಸಿದೆವು.

ಎಂಟು ವರ್ಷಗಳ ಹಿಂದೆ ಮುಂಬಯಿಯಿಂದ ಹೊರಟ ಒಂದು ತಂಡದೊಡನೆ ನಾವು ಯುರೋಪಿಗೆ ಹೋಗಿದ್ದೆವು. ಹನ್ನೊಂದು ದಿನ, ಐದು ದೇಶ. ಪ್ರತಿ ರಾತ್ರಿ ನಮ್ಮ ಬಸ್ಸು ಯಾವುದೋ ಊರಿನ ಭಾರತೀಯ ಹೋಟೆಲೊಂದರ ಮುಂದೆ ನಿಲ್ಲುತ್ತಿತ್ತು. ಅದೇ ದಾಲ್, ಅದೇ ಪನೀರ್, ಅದೇ ಗುಲಾಬ್ ಜಾಮೂನು. ಯಾರ ಹೊಟ್ಟೆಗೂ ತೊಂದರೆಯಾಗಲಿಲ್ಲ. ಆದರೆ ಮರಳಿ ಬಂದ ಮೇಲೆ ತೆಗೆದ ಚಿತ್ರಗಳನ್ನು ನೋಡುತ್ತ ಕುಳಿತರೆ, ಯಾವ ಚೌಕ ಯಾವ ಊರಿನದು ಎಂಬುದರ ಬಗ್ಗೆ ನಮ್ಮಿಬ್ಬರಲ್ಲೇ ವಾದ. ಆ ಐದು ದೇಶಗಳ ಜನ ಮಧ್ಯಾಹ್ನ ಏನು ಉಣ್ಣುತ್ತಾರೆ ಎಂಬುದು ನಮಗೆ ಕೊನೆಗೂ ತಿಳಿಯಲಿಲ್ಲ.

ಈ ಸಲ ನಾವಿಬ್ಬರೇ ಹೊರಟೆವು. ಲಿಸ್ಬನ್, ಎವೊರಾ, ಸೆವಿಲ್, ಕೋರ್ದೊಬಾ, ಗ್ರನಾಡಾ ಎಂಬ ಐದು ಊರು ಸಾಕು ಎಂದುಕೊಂಡೆವು. ಬೆಳಗಿನ ತಿಂಡಿ ಬೇಕಾದರೆ ಚೀಲದಿಂದ, ಮಧ್ಯಾಹ್ನದ ಊಟ ಮಾತ್ರ ಆ ಊರಿನದೇ ಎಂಬ ನಿಯಮವನ್ನೂ ಮಾಡಿಕೊಂಡೆವು. ಕಂಡದ್ದನ್ನೆಲ್ಲ ಇಲ್ಲಿ ಬರೆಯುವ ಉದ್ದೇಶ ನಮಗಿಲ್ಲ. ಊಟದ ತಟ್ಟೆಯನ್ನು ಮುಂದಿಟ್ಟುಕೊಂಡು ಒಬ್ಬರು ಇನ್ನೊಬ್ಬರನ್ನು ಅಳೆಯುವುದರ ಬಗ್ಗೆ ಈ ಪ್ರವಾಸ ನಮ್ಮಲ್ಲಿ ಒಂದು ಅಭಿಪ್ರಾಯವನ್ನು ಮೂಡಿಸಿತು. ಅದನ್ನು ಹಂಚಿಕೊಳ್ಳಲು ಈ ಲೇಖನ.

ಲಿಸ್ಬನ್‌ನಲ್ಲಿ ನಾವು ತಂಗಿದ್ದ ಕೋಣೆಯ ಒಡತಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಆಕೆ ಒಂದೊಂದೇ ವಸ್ತುವನ್ನು ಬೆರಳಿಟ್ಟು ತೋರಿಸುತ್ತ ಹೆಸರು ಹೇಳುತ್ತಿದ್ದರು. ಬೀಗದ ಕೈ ‘ಶಾವ್’, ಕಿಟಕಿ ‘ಜನೆಲ’, ಕಪಾಟು ‘ಅರ್ಮಾರಿಯು’, ನೀರಿನ ಬಕೆಟ್ಟು ‘ಬಾಲ್ದ್’. ನಾವು ಮುಖ ಮುಖ ನೋಡಿಕೊಂಡೆವು. ಚಾವಿ, ಜನೆಲು, ಅಲಮಾರು, ಬಾಲ್ದಿ ಎಂದು ನಮ್ಮ ಕರಾವಳಿಯ ಮನೆಗಳಲ್ಲಿ ಇಂದಿಗೂ ಆಡುವ ಮಾತುಗಳಿವು. ಮರುದಿನ ತರಕಾರಿ ಅಂಗಡಿಯಲ್ಲಿ ‘ಬಟಾಟ’ವೂ ಸಿಕ್ಕಿತು, ‘ಅನಾನಸ್’ ಕೂಡ. ರೊಟ್ಟಿಯ ಅಂಗಡಿಯಲ್ಲಿ ‘ಪಾಂವ್’ ಎಂದು ಮೂಗಿನಿಂದ ಉಚ್ಚರಿಸಿದ್ದನ್ನು ಕೇಳಿ, ಮೂವತ್ತು ವರ್ಷಗಳಿಂದ ಮುಂಬಯಿಯಲ್ಲಿ ಪಾವ್ ಕೊಳ್ಳುತ್ತಿರುವ ನಮಗೆ ನಗು ತಡೆಯಲಾಗಲಿಲ್ಲ.

ಬೆಲೆಂ ಎಂಬಲ್ಲಿರುವ ಜೆರೋನಿಮೊಸ್ ಮಠದಲ್ಲಿ ವಾಸ್ಕೊ ಡ ಗಾಮಾನ ಸಮಾಧಿಯಿದೆ. ಹದಿನಾರನೆಯ ಶತಮಾನದಲ್ಲಿ ಆ ಮಠವನ್ನು ಕಟ್ಟಿದ ಹಣದ ದೊಡ್ಡ ಪಾಲು ಪೂರ್ವದೇಶಗಳ ಮಸಾಲೆ ವ್ಯಾಪಾರದ ಮೇಲಿನ ತೆರಿಗೆಯಿಂದ ಬಂದದ್ದು. ಕಲ್ಲಿನಲ್ಲಿ ಹಗ್ಗ, ಹವಳ, ಎಲೆಬಳ್ಳಿಗಳನ್ನು ಕಡೆದ ಆ ಕಂಬಗಳ ನಡುವೆ ನಿಂತಾಗ, ನಮ್ಮ ಪಶ್ಚಿಮ ಕರಾವಳಿಯ ಕರಿಮೆಣಸು ಈ ಕಲ್ಲಾಗಿ ನಿಂತಿದೆ ಎನಿಸಿತು. ಬದಲಿಗೆ ಆ ಹಡಗುಗಳು ನಮಗೆ ಮೆಣಸಿನಕಾಯಿ, ಬಟಾಟೆ, ಗೇರು, ಅನಾನಸುಗಳನ್ನು ತಂದುಕೊಟ್ಟವು. ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ, ಬಟಾಟೆ, ಟೊಮೇಟೊ ಸೇರಿಸದೆ ಕರಿಮೆಣಸನ್ನೇ ಬಳಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅವು ಪರದೇಶದಿಂದ ಬಂದವು ಎಂಬುದನ್ನು ಮಡಿಯ ಅಡುಗೆಮನೆ ಇಂದಿಗೂ ಮರೆತಿಲ್ಲ. ಉಳಿದ ದಿನಗಳಲ್ಲಿ ಮಾತ್ರ ಅವಿಲ್ಲದೆ ನಮ್ಮ ಹುಳಿಯೂ ಇಲ್ಲ, ಪಲ್ಯವೂ ಇಲ್ಲ. ‘ನಮ್ಮ ಊಟ’ ಎಂದು ನಾವು ಚೀಲದಲ್ಲಿ ಹೊತ್ತು ತಂದಿದ್ದ ಚಟ್ನಿಪುಡಿಯ ಕೆಂಪು ಬಣ್ಣವೂ ಇದೇ ಬಂದರಿನ ದಾರಿಯಲ್ಲಿ ಬಂದದ್ದು.

ಅದೇ ಊರಿನ ರೊಸಿಯು ಚೌಕದ ಪಕ್ಕದಲ್ಲಿ ಸಂತ ಡೊಮಿನಿಕ್‌ನ ಹೆಸರಿನ ಒಂದು ಚರ್ಚಿದೆ. 1959ರ ಬೆಂಕಿಯಲ್ಲಿ ಸುಟ್ಟ ಅದರ ಒಳಗಿನ ಕಂಬಗಳ ಗಾಯವನ್ನು ಪೂರ್ತಿ ಮುಚ್ಚದೆ ಹಾಗೆಯೇ ಉಳಿಸಿದ್ದಾರೆ. ಎದುರಿನ ಅಂಗಳದಲ್ಲಿ ದಾವೀದನ ನಕ್ಷತ್ರವನ್ನು ಕೆತ್ತಿದ ಒಂದು ಸ್ಮಾರಕಶಿಲೆ. 2008ರಲ್ಲಿ ನಿಲ್ಲಿಸಿದ ಆ ಕಲ್ಲು 1506ರ ಏಪ್ರಿಲ್‌ನಲ್ಲಿ ನಡೆದ ಒಂದು ಹತ್ಯಾಕಾಂಡದ ನೆನಪಿಗಾಗಿ ಇದೆ. 1497ರಲ್ಲಿ ಪೋರ್ಚುಗಲ್ ತನ್ನ ಯಹೂದಿಗಳನ್ನೆಲ್ಲ ಬಲವಂತದಿಂದ ಕ್ರೈಸ್ತರನ್ನಾಗಿ ಮಾಡಿತ್ತು. ‘ಹೊಸ ಕ್ರೈಸ್ತರು’ ಎಂದು ಕರೆಸಿಕೊಂಡ ಅವರ ಮೇಲೆ, ಬರ ಮತ್ತು ಪ್ಲೇಗಿನಿಂದ ಕಂಗೆಟ್ಟಿದ್ದ ನಗರ ಈಸ್ಟರ್ ಹೊತ್ತಿನಲ್ಲಿ ತಿರುಗಿಬಿತ್ತು. ಮೂರು ದಿನಗಳಲ್ಲಿ ಸತ್ತವರು ಸುಮಾರು ಎರಡು ಸಾವಿರ ಎಂದು ಸಾಮಾನ್ಯ ಅಂದಾಜು. ಗಲಭೆಗೆ ಕೆಲವೇ ದಿನ ಮೊದಲು, ಹೊಸ ಕ್ರೈಸ್ತರಲ್ಲಿ ಕೆಲವರು ಮನೆಯೊಳಗೆ ಗುಟ್ಟಾಗಿ ತಮ್ಮ ಹಳೆಯ ಹಬ್ಬದ ಊಟ ಮಾಡುತ್ತಿದ್ದಾಗ ಸಿಕ್ಕಿಬಿದ್ದಿದ್ದರು ಎಂದು ಇತಿಹಾಸಗ್ರಂಥಗಳು ಹೇಳುತ್ತವೆ. ಹುದುಗು ಹಾಕದ ರೊಟ್ಟಿ, ಕಹಿ ಸೊಪ್ಪು, ಕುರಿಮರಿಯ ಮಾಂಸ: ಅವರ ವಿರುದ್ಧದ ಸಾಕ್ಷ್ಯ ಇಷ್ಟು. ಇಂದು ಆ ಅಂಗಳದ ಗೋಡೆಯ ಮೇಲೆ ‘ಲಿಸ್ಬನ್, ಸಹಿಷ್ಣುತೆಯ ನಗರ’ ಎಂದು ಹಲವು ಭಾಷೆಗಳಲ್ಲಿ ಬರೆದಿದೆ. ಎರಡು ಹೆಜ್ಜೆಯಾಚೆಗೆ ಹುಳಿ ಚೆರ್ರಿಯ ಮದ್ಯ ಮಾರುವ ಪುಟ್ಟ ಅಂಗಡಿ. ಅದರ ಮುಂದೆ ಪ್ರವಾಸಿಗಳ ಸಾಲು. ಆಗ ನಾವು ಆ ಕಲ್ಲಿನ ಚಿತ್ರ ತೆಗೆದುಕೊಂಡು ಮುಂದೆ ಹೋದೆವು. ಅದು ಮತ್ತೆ ನೆನಪಾದದ್ದು ಒಂದು ವಾರದ ನಂತರ.

ಲಿಸ್ಬನ್‌ನಿಂದ ಒಂದೂವರೆ ಗಂಟೆ ರೈಲಿನ ದಾರಿ ಎವೊರಾಕ್ಕೆ. ಅದು ಅಲೆಂತೆಜು ಎಂಬ ಬಯಲುಸೀಮೆಯ ಊರು; ದಾರಿಯುದ್ದಕ್ಕೂ ಗೋಧಿಯ ಹೊಲ, ಬುಡದಿಂದ ತೊಗಟೆ ಸುಲಿಸಿಕೊಂಡ ಕಾರ್ಕ್ ಮರಗಳು. ಊರ ನಡುವೆ ರೋಮನ್ ದೇವಾಲಯದ ಕಂಬಗಳಿವೆ, ಗೋಡೆಗಳಿಗೆಲ್ಲ ಮನುಷ್ಯರ ಎಲುಬು ಮತ್ತು ತಲೆಬುರುಡೆಗಳನ್ನು ಜೋಡಿಸಿದ ಪ್ರಾರ್ಥನಾಮಂದಿರವಿದೆ. ಎರಡನ್ನೂ ನೋಡಿದೆವು. ಆದರೆ ಎವೊರಾ ಎಂದಕೂಡಲೆ ನಮಗೆ ಈಗ ನೆನಪಾಗುವುದು ಅಲ್ಲಿ ಉಂಡ ‘ಅಸೋರ್ದಾ’.

ಒರಳಿನಲ್ಲಿ ಬೆಳ್ಳುಳ್ಳಿ, ಕಲ್ಲುಪ್ಪು, ಹಸಿ ಕೊತ್ತಂಬರಿ ಸೊಪ್ಪನ್ನು ಜಜ್ಜಬೇಕು. ಅದಕ್ಕೆ ಆಲಿವ್ ಎಣ್ಣೆ, ಕುದಿಯುವ ನೀರು, ನಿನ್ನೆ ಮೊನ್ನೆಯ ಒಣರೊಟ್ಟಿಯ ಚೂರುಗಳು. ಮೇಲೊಂದು ಬೇಯಿಸಿದ ಮೊಟ್ಟೆ. ಯುರೋಪಿನಲ್ಲಿ ಹಸಿ ಕೊತ್ತಂಬರಿಯನ್ನು ಇಷ್ಟು ಧಾರಾಳವಾಗಿ ಬಳಸುವ ನಾಡು ಬೇರೆ ಕಾಣಲಿಲ್ಲ. ಬಟ್ಟಲು ಮುಂದೆ ಬಂದಾಗ ಎದ್ದ ವಾಸನೆ ನೇರವಾಗಿ ನಮ್ಮನ್ನು ಉತ್ತರ ಕರ್ನಾಟಕದ ಒಂದು ಅಡುಗೆಮನೆಗೆ ಕರೆದೊಯ್ದಿತು. ಬಿಸಿ ಜೋಳದ ರೊಟ್ಟಿಯನ್ನು ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಮೆಣಸಿನಕಾಯಿಯೊಡನೆ ಒರಳಿಗೆ ಹಾಕಿ ಕುಟ್ಟಿ, ಮುಷ್ಟಿಯಲ್ಲಿ ಉಂಡೆ ಕಟ್ಟಿ, ತುಪ್ಪ ಹಚ್ಚಿ ಕೈಗಿಡುತ್ತಿದ್ದ ಮುಟಗಿಯ ನೆನಪು. ಅಸೋರ್ದಾ ಹೊಲದ ಕೂಲಿಯವರ ಊಟ. ಗಟ್ಟಿಯಾದ ರೊಟ್ಟಿಯನ್ನು ಎಸೆಯುವ ಅನುಕೂಲ ಇಲ್ಲದವರು ಕಂಡುಕೊಂಡ ರುಚಿ. ನಮ್ಮ ತಂಗಳನ್ನದ ಚಿತ್ರಾನ್ನ, ಮುಂಬಯಿಯ ಮರಾಠಿ ಮನೆಗಳ ‘ಫೋಡಣೀಚಿ ಪೋಳಿ’, ಇವೆಲ್ಲ ಅದರ ಒಡಹುಟ್ಟುಗಳು. ಅಂದು ರಾತ್ರಿ ಚೀಲದ ಅವಲಕ್ಕಿ ಹೊರಗೆ ಬರಲಿಲ್ಲ.

ಎವೊರಾದಿಂದ ಗಡಿ ದಾಟಿ ಸೆವಿಲ್‌ಗೆ ಹೋದೆವು. ಗ್ವಾದಲ್‌ಕಿವೀರ್ ನದಿಯ ಒಂದು ದಡದಲ್ಲಿ ಹಳೆಯ ನಗರ, ಇನ್ನೊಂದು ದಡದಲ್ಲಿ ತ್ರಿಯಾನಾ ಎಂಬ ಮೊಹಲ್ಲಾ. ಮಹಾಚರ್ಚು, ಅದರ ಪಕ್ಕದ ಹಿರಾಲ್ದಾ ಗೋಪುರ, ಅರಮನೆ, ಎಲ್ಲವನ್ನೂ ನೋಡಿ ದಣಿದು, ಮಧ್ಯಾಹ್ನ ಎರಡೂವರೆಗೆ ತ್ರಿಯಾನಾದ ಓಣಿಯೊಂದರ ಸಣ್ಣ ಹೋಟೆಲಿಗೆ ಹೋದೆವು. ‘ಸಿನ್ ಕಾರ್ನೆ’, ಎಂದರೆ ಮಾಂಸವಿಲ್ಲದ್ದು, ಎಂಬ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದೆವು, ಅದನ್ನೇ ಹೇಳಿದೆವು. ಬಡಿಸುತ್ತಿದ್ದ ಹಿರಿಯರು ತಲೆಯಾಡಿಸಿ ಹೋಗಿ, ಅವರೆಕಾಳನ್ನು ಹೋಲುವ ಹಸಿ ಕಾಳಿನ ಪಲ್ಯವೊಂದನ್ನು ತಂದಿಟ್ಟರು. ಏಪ್ರಿಲ್ ಆ ಕಾಳಿನ ಕಾಲ. ಒಂದು ತುತ್ತು ಬಾಯಿಗಿಡುವ ಮೊದಲೇ ಕೆಂಪಗಿನ ಸಣ್ಣ ತುಂಡುಗಳು ಕಣ್ಣಿಗೆ ಬಿದ್ದವು. ಅದು ಹಾಮೋನ್: ಉಪ್ಪಿನಲ್ಲಿ ಹದಗೊಳಿಸಿ ತಿಂಗಳುಗಟ್ಟಲೆ ಒಣಗಿಸಿದ ಹಂದಿಯ ತೊಡೆ.

ನಮ್ಮಿಬ್ಬರ ಮುಖವೂ ಬಿಗಿಯಿತು. ಕರೆದು ತೋರಿಸಿದೆವು. ಅವರಿಗೆ ನಿಜವಾಗಿಯೂ ಆಶ್ಚರ್ಯ. ‘ಇದು ಮಾಂಸವಲ್ಲವಲ್ಲ, ಹಾಮೋನ್!’ ಎಂದರು. ಅಲ್ಲಿ ‘ಕಾರ್ನೆ’ ಎಂದರೆ ಹಸಿ ಮಾಂಸದ ತುಂಡು. ಹಾಮೋನ್ ನಮ್ಮ ಒಗ್ಗರಣೆಯಂತೆ, ರುಚಿಗೆ ಹಾಕುವ ಚೂರು. ನಾವು ಅದೂ ಬೇಡವೆಂದು ಕೈಸನ್ನೆ ಮಾಡಿದೆವು. ಆಗ ಅವರು ತಮಗೆ ಬರುವ ಇಂಗ್ಲಿಷಿನಲ್ಲಿ, ಯಾವ ಕೊಂಕೂ ಇಲ್ಲದೆ ಕೇಳಿದರು: ‘ಅಲರ್ಜಿಯೋ, ಧರ್ಮವೋ?’

ನಮ್ಮಲ್ಲೊಬ್ಬರು ‘ಧರ್ಮ’ ಎಂದೆವು. ಇನ್ನೊಬ್ಬರು ಅದೇ ಕ್ಷಣದಲ್ಲಿ ‘ಅಭ್ಯಾಸ’ ಎಂದೆವು. ಅವರು ನಕ್ಕು, ತಟ್ಟೆ ಎತ್ತಿಕೊಂಡು ಹೋಗಿ, ಪಾಲಕ್ ಸೊಪ್ಪಿಗೆ ಕಾಬೂಲಿ ಕಡಲೆ ಸೇರಿಸಿ ಜೀರಿಗೆ, ಬೆಳ್ಳುಳ್ಳಿಯಲ್ಲಿ ಹದಮಾಡಿದ ಇನ್ನೊಂದು ಪಲ್ಯ ತಂದರು. ಅದು ಸೆವಿಲ್‌ನ ಹಳೆಯ ಅಡುಗೆ. ಅರಬರ ಕಾಲದ ಜೀರಿಗೆಯ ಘಮ ಅದರಲ್ಲಿ ಹಾಗೆಯೇ ಉಳಿದಿದೆ. ಎರಡೆರಡು ಸಲ ಹಾಕಿಸಿಕೊಂಡು ಉಂಡೆವು. ಆದರೆ ಅವರ ಪ್ರಶ್ನೆ ಊಟದ ನಂತರವೂ ನಮ್ಮೊಡನೆ ಬಂತು. ಹಂದಿಯ ತುಂಡು ನಮಗೆ ಅಲರ್ಜಿಯಲ್ಲ. ಧರ್ಮ ಎನ್ನೋಣವೆಂದರೆ, ನಮ್ಮದೇ ಧರ್ಮದ ಬಹುಪಾಲು ಜನ ಮಾಂಸ ಉಣ್ಣುವವರು. ಅಭ್ಯಾಸ ಎಂಬುದೂ ಅರ್ಧ ಸತ್ಯ. ನಾವು ಆಯ್ದುಕೊಂಡ ಅಭ್ಯಾಸ ಅದಲ್ಲ; ಹುಟ್ಟಿದ ಮನೆ ಕೊಟ್ಟದ್ದು. ಸರಿಯಾದ ಉತ್ತರ ‘ಜಾತಿ’ ಎಂಬುದು. ಆ ಮಾತನ್ನು ಅವರಿಗೆ ಹೇಗೆ ವಿವರಿಸುವುದು ಎಂದು ತಿಳಿಯಲಿಲ್ಲ ಎಂದು ನಮಗೆ ನಾವೇ ಹೇಳಿಕೊಂಡೆವು. ನಿಜ ಹೇಳಬೇಕೆಂದರೆ, ಹೇಳಲು ನಾಚಿಕೆಯಾಯಿತು.

ಅಲ್ಲಿಂದ ಹತ್ತು ನಿಮಿಷದ ನಡಿಗೆಗೆ ಸೇತುವೆಯ ಬುಡದಲ್ಲಿ ತ್ರಿಯಾನಾ ಮಾರುಕಟ್ಟೆ. ಹಣ್ಣು, ಆಲಿವ್, ಮೀನು, ಚೀಸ್. ಅಂಗಡಿಗಳ ಮೇಲೆ ಸಾಲಾಗಿ ತೂಗುಹಾಕಿದ ಹಂದಿಯ ತೊಡೆಗಳು. ಆ ಮಾರುಕಟ್ಟೆಯ ಕೆಳಗೆ ಸಂತ ಜಾರ್ಜನ ಕೋಟೆಯ ಅವಶೇಷಗಳಿವೆ. ಸ್ಪೇನಿನ ಇನ್‌ಕ್ವಿಸಿಶನ್, ಎಂದರೆ ಜನರ ಮತನಿಷ್ಠೆಯನ್ನು ವಿಚಾರಣೆ ಮಾಡುವ ನ್ಯಾಯಪೀಠ, ಮೊದಲು ಕೆಲಸ ಆರಂಭಿಸಿದ್ದು ಸೆವಿಲ್‌ನಲ್ಲಿ. 1481ರಿಂದ ಸುಮಾರು ಮೂರು ಶತಮಾನ ಅದರ ನೆಲೆ ಈ ಕೋಟೆ. ಆಮೇಲೆ ಕೋಟೆಯನ್ನು ಕೆಡವಿ, ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಮಾರುಕಟ್ಟೆ ಮಾಡಿದರು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಆ ಮಾರುಕಟ್ಟೆಯನ್ನು ಹೊಸದಾಗಿ ಕಟ್ಟಲು ಅಗೆದಾಗ ಗೋಡೆಗಳು ಕಂಡವು. ಈಗ ಅದೊಂದು ಸಂಗ್ರಹಾಲಯ. ಮೇಲೆ ಕೊಳ್ಳುವವರ ಗದ್ದಲ, ಕೆಳಗೆ ಸೆರೆಕೋಣೆಗಳ ಬುನಾದಿ.

1492ರ ಜನವರಿಯಲ್ಲಿ ಗ್ರನಾಡಾ ಶರಣಾಯಿತು. ಮಾರ್ಚ್‌ನಲ್ಲಿ, ಮತಾಂತರವಾಗದ ಯಹೂದಿಗಳು ದೇಶ ಬಿಡಬೇಕೆಂಬ ಆಜ್ಞೆ ಹೊರಟಿತು. ಕೆಲವೇ ವರ್ಷಗಳಲ್ಲಿ ಮುಸ್ಲಿಮರ ಸರದಿಯೂ ಬಂತು. ಮತಾಂತರಗೊಂಡು ಉಳಿದವರ ಮನಸ್ಸಿನೊಳಗೆ ಏನಿದೆ ಎಂದು ತಿಳಿಯುವುದು ಹೇಗೆ? ಮನಸ್ಸನ್ನು ನೋಡಲಾಗದವರು ಒಲೆಯನ್ನು ನೋಡಿದರು. ಹಂದಿಮಾಂಸ ತಿನ್ನುವುದಿಲ್ಲವೆ? ಹಂದಿಯ ಕೊಬ್ಬಿನ ಬದಲು ಎಣ್ಣೆಯಲ್ಲಿ ಅಡುಗೆ ಮಾಡುತ್ತಾರೆಯೆ? ಶನಿವಾರದ ಊಟವನ್ನು ಶುಕ್ರವಾರವೇ ಬೇಯಿಸಿಡುತ್ತಾರೆಯೆ? ಹೊಳೆಯ ಮೀನಿಗೆ ಪೊರೆ ಇಲ್ಲದಿದ್ದರೆ ಬೇಡವೆನ್ನುತ್ತಾರೆಯೆ? ಇವೆಲ್ಲ ದೂರು ಕೊಡಲು ಸಾಕಾದ ಗುರುತುಗಳಾಗಿದ್ದವು. ದೂರು ಕೊಡುತ್ತಿದ್ದವರು ಬಹಳಷ್ಟು ಸಲ ಪಕ್ಕದ ಮನೆಯವರು, ಮನೆಯ ಕೆಲಸದವರು. ಹೀಗೆ ಹಂದಿಮಾಂಸ ರುಚಿಯ ವಿಷಯವಾಗಿದ್ದುದು ನಿಷ್ಠೆಯ ಪ್ರದರ್ಶನವೂ ಆಯಿತು. ಯಹೂದಿಗಳು ಶನಿವಾರಕ್ಕೆಂದು ರಾತ್ರಿಯಿಡೀ ಬೇಯಿಸುತ್ತಿದ್ದ ಕಡಲೆಯ ಸಾರು ‘ಅದಫಿನಾ’ಕ್ಕೆ ಹಂದಿಯ ತುಂಡು ಸೇರಿ ಇಂದಿನ ಸ್ಪೇನಿನ ಮನೆಯಡುಗೆ ‘ಕೊಸಿದೊ’ ಆಯಿತು ಎಂದು ಆಹಾರದ ಇತಿಹಾಸ ಬರೆದವರು ಹೇಳುತ್ತಾರೆ.

ಲಿಸ್ಬನ್‌ನ ಆ ನಕ್ಷತ್ರದ ಕಲ್ಲು ನಮಗೆ ಮತ್ತೆ ನೆನಪಾದದ್ದು ಇಲ್ಲಿ. ಜೊತೆಗೆ ಗೋವಾ ನೆನಪಾಯಿತು. ಇಂಥದೇ ಪೋರ್ಚುಗೀಸ್ ನ್ಯಾಯಪೀಠದ ಶಾಖೆ 1560ರಲ್ಲಿ ಗೋವಾಕ್ಕೆ ಬಂದು, ನಡುವೆ ಕೆಲವು ವರ್ಷ ಬಿಟ್ಟರೆ, 1812ರವರೆಗೆ ನಡೆಯಿತು. ಅದರ ಬಗ್ಗೆ ಎ. ಕೆ. ಪ್ರಿಯೋಳ್ಕರರು ಬರೆದ ಗ್ರಂಥ 1961ರಲ್ಲಿ ಪ್ರಕಟವಾದದ್ದು ನಮ್ಮ ಮುಂಬಯಿಯಲ್ಲೇ. 1736ರ ಆಜ್ಞಾಪತ್ರವೊಂದು ಹೊಸ ಕ್ರೈಸ್ತರಿಗೆ ವಿಧಿಸಿದ ನಿಷೇಧಗಳು ಅದರಲ್ಲಿವೆ. ತುಳಸಿ ಬೆಳೆಸಬಾರದು ಎಂಬುದು ಒಂದು. ಹಿಂದೂಗಳಂತೆ ಉಪ್ಪಿಲ್ಲದೆ ಅನ್ನ ಮಾಡಿ ಆಮೇಲೆ ಉಪ್ಪು ಹಾಕಿಕೊಳ್ಳಬಾರದು ಎಂಬುದು ಇನ್ನೊಂದು. ಅನ್ನಕ್ಕೆ ಉಪ್ಪು ಯಾವಾಗ ಹಾಕಿದರು ಎಂಬುದೂ ಅಲ್ಲಿ ಅಪರಾಧ. ಗೋವಾ ಬಿಟ್ಟು ದಕ್ಷಿಣಕ್ಕೆ ನಡೆದ ಹಿಂದೂ ಕುಟುಂಬಗಳೂ ಕ್ರೈಸ್ತ ಕುಟುಂಬಗಳೂ ಕನ್ನಡ ಕರಾವಳಿಯಲ್ಲಿ ನೆಲೆನಿಂತದ್ದು ಈ ಕಥೆಯ ಭಾಗ. ಅವರ ವಂಶದವರು ನಮ್ಮ ನೆರೆಯವರು, ನಮ್ಮ ಓದುಗರು.

ಆ ಸಂಗ್ರಹಾಲಯದ ಮಂದ ಬೆಳಕಿನಲ್ಲಿ ನಾವು ಬಹಳ ಹೊತ್ತು ಮಾತಾಡಲಿಲ್ಲ. ಹೊರಡುವುದಕ್ಕೆ ಒಂದು ತಿಂಗಳ ಹಿಂದೆ ನಡೆದ ಪ್ರಸಂಗವೊಂದನ್ನು ಇಲ್ಲಿ ಹೇಳಲೇಬೇಕು. ಮುಂಬಯಿಯ ನಮ್ಮ ಕಟ್ಟಡದಲ್ಲಿ ಒಂದು ಮನೆ ಬಾಡಿಗೆಗೆ ಖಾಲಿಯಿತ್ತು. ಕನ್ನಡ ಕಾರ್ಯಕ್ರಮಗಳಲ್ಲಿ ಪರಿಚಯವಾದ ಕರಾವಳಿಯ ಯುವ ದಂಪತಿ ಅದನ್ನು ನೋಡಲು ಬಂದರು. ಒಳ್ಳೆಯ ಕೆಲಸ, ಚಿಕ್ಕ ಮಗು. ಮನೆಯ ಮಾಲೀಕರಿಗೂ ಒಪ್ಪಿಗೆಯಾಯಿತು. ಆದರೆ ಸೊಸೈಟಿಯ ಅರ್ಜಿ ನಮೂನೆಯಲ್ಲಿ ‘ಆಹಾರ’ ಎಂಬ ಒಂದು ಕಾಲಂ ಇದೆ. ಅವರು ಸುಳ್ಳು ಬರೆಯಲಿಲ್ಲ. ಮೀನು ತಿನ್ನುತ್ತೇವೆ ಎಂದು ಬರೆದರು. ಮನೆ ಸಿಗಲಿಲ್ಲ. ಆ ಹುಡುಗ ನಮ್ಮ ಮನೆಯಲ್ಲಿ ಕುಳಿತು, ‘ನೀವೊಂದು ಮಾತು ಹೇಳಿದರೆ ಆಗುತ್ತಿತ್ತೋ ಏನೋ ಸರ್’ ಎಂದ. ‘ಏನು ಮಾಡುವುದಪ್ಪ, ಮೊದಲಿನಿಂದ ನಡೆದುಬಂದದ್ದು’ ಎಂದೆವು. ಚಹಾ ಕೊಟ್ಟು ಕಳಿಸಿದೆವು. ಅವರು ಹೋದಮೇಲೆ ಆ ವಿಷಯವನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ.

ತ್ರಿಯಾನಾದ ಆ ಹಿರಿಯರು ನಮ್ಮನ್ನೂ ಆಹಾರದ ಬಗ್ಗೆ ಪ್ರಶ್ನೆ ಕೇಳಿದ್ದರು. ಆದರೆ ಅವರು ಕೇಳಿದ್ದು ನಮಗೆ ಏನನ್ನು ಬಡಿಸಬಹುದು ಎಂದು ತಿಳಿಯಲು. ನಮ್ಮ ಸೊಸೈಟಿ ಕೇಳುವುದು ಬಾಗಿಲು ಮುಚ್ಚಲು. ಪ್ರಶ್ನೆ ಒಂದೇ ಆದರೂ ಅದರ ಹಿಂದಿನ ಉದ್ದೇಶ ಬೇರೆ. ಪರದೇಶಕ್ಕೆ ಹೋದಾಗ ನಮ್ಮ ಊಟದ ಕಟ್ಟುಪಾಡನ್ನು ಎಲ್ಲರೂ ಗೌರವಿಸಬೇಕೆಂದು ಬಯಸುತ್ತೇವೆ. ವಿಮಾನದಲ್ಲಿ ಬೇರೆ ತಟ್ಟೆ ಬೇಕು, ಹೋಟೆಲಿನಲ್ಲಿ ಬೇರೆ ಸೌಟು ಬೇಕು. ಊರಿಗೆ ಮರಳಿದರೆ ಇನ್ನೊಬ್ಬರ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆರೆದು ನೋಡುತ್ತೇವೆ. ಈ ಇಬ್ಬಂದಿತನ ನಮಗೆ ಕಂಡದ್ದು ಮನೆಯಿಂದ ಅಷ್ಟು ದೂರ ಹೋದಮೇಲೆ. ಅದು ನಮ್ಮ ಪ್ರವಾಸದ ಲಾಭವೋ, ಇಷ್ಟು ವರ್ಷಗಳ ನಷ್ಟವೋ ತಿಳಿಯದು.

ಕೋರ್ದೊಬಾಕ್ಕೆ ಸೆವಿಲ್‌ನಿಂದ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆ. ಎಂಟನೆಯ ಶತಮಾನದಲ್ಲಿ ಮೊದಲನೆಯ ಅಬ್ದುರ್ ರಹಮಾನ್ ಆರಂಭಿಸಿದ ಅಲ್ಲಿನ ಮಸೀದಿಯಲ್ಲಿ ಕೆಂಪು ಬಿಳಿ ಕಮಾನುಗಳನ್ನು ಹೊತ್ತ ಎಂಟುನೂರಕ್ಕೂ ಹೆಚ್ಚು ಕಂಬಗಳಿವೆ. 1523ರಲ್ಲಿ ಆ ಕಂಬಗಳ ಕಾಡಿನ ನಟ್ಟನಡುವೆ ಒಂದು ಚರ್ಚನ್ನು ಕಟ್ಟತೊಡಗಿದರು. ಒಂದು ಹೆಜ್ಜೆ ಇಟ್ಟರೆ ಕಮಾನುಗಳ ಸಾಲು, ಇನ್ನೊಂದು ಹೆಜ್ಜೆಗೆ ಬಾನೆತ್ತರದ ಗುಮ್ಮಟ. ಒಂದು ಮತ್ತೊಂದರ ಮೇಲೆ ಗೆದ್ದೆನೆಂದು ಹೇಳುತ್ತಿರುವ ಕಟ್ಟಡ ಅದು. ನಾಲ್ಕು ಓಣಿಯಾಚೆ 1315ರ ಪುಟ್ಟ ಯಹೂದಿ ಪ್ರಾರ್ಥನಾಮಂದಿರ. ಪ್ರಾರ್ಥಿಸುವವರು ಹೋದ ಮೇಲೂ ಉಳಿದದ್ದು.

ಅಡುಗೆಮನೆಯಲ್ಲಿ ಮಾತ್ರ ಯಾರೂ ಯಾರ ಮೇಲೂ ಗೆದ್ದಿಲ್ಲ. ಕೋರ್ದೊಬಾದ ತಣ್ಣನೆಯ ‘ಸಾಲ್ಮೊರೆಹೊ’ದಲ್ಲಿ ಒಣರೊಟ್ಟಿ, ಬೆಳ್ಳುಳ್ಳಿ, ಆಲಿವ್ ಎಣ್ಣೆ ಹಳೆಯ ಕಾಲದವು, ಅದಕ್ಕೆ ಕೆಂಪು ಬಣ್ಣ ಕೊಟ್ಟ ಟೊಮೇಟೊ 1492ರ ನಂತರ ಕಡಲಾಚೆಯಿಂದ ಬಂದದ್ದು. ಬದನೆಕಾಯಿಯನ್ನು ತೆಳ್ಳಗೆ ಹೆಚ್ಚಿ ಕರಿದು, ಮೇಲೆ ಕಬ್ಬಿನ ಕಾಕಂಬಿ ಸುರಿದು ಕೊಡುತ್ತಾರೆ. ಬದನೆ, ಕಬ್ಬು ಎರಡನ್ನೂ ಅಲ್ಲಿಗೆ ತಂದವರು ಅರಬರು. ಅರಬರಿಗೆ ಅವು ಸಿಕ್ಕಿದ್ದು ಪೂರ್ವದಿಂದ. ಅವರ ‘ಅಸೂಕರ್’ ಹಿಂದೆ ಹೋಗುತ್ತ ಹೋಗುತ್ತ ಶರ್ಕರೆಯಾಗುತ್ತದೆ. ಅದೇ ನಮ್ಮ ಸಕ್ಕರೆ. ಅವರ ‘ನರಾಂಹ’ ನಾರಂಗವಾಗುತ್ತದೆ. ಅದೇ ನಮ್ಮ ನಾರಂಗಿ. ಜನರನ್ನು ಓಡಿಸಿದವರು ಅವರ ಬದನೆಕಾಯಿಯನ್ನು ಓಡಿಸಲಿಲ್ಲ. 1609ರಿಂದ 1614ರ ನಡುವೆ ಮತಾಂತರಗೊಂಡಿದ್ದ ಮುಸ್ಲಿಮರ ಸಂತತಿಯನ್ನೂ ಹಡಗು ಹತ್ತಿಸಿ ಕಳಿಸಿದ ನಾಡು, ಅವರ ಜೀರಿಗೆಯನ್ನು ಒಲೆಯ ಪಕ್ಕದಲ್ಲೇ ಇಟ್ಟುಕೊಂಡಿತು.

ಕೊನೆಯ ಊರು ಗ್ರನಾಡಾ. ಅಲ್‌ಹಂಬ್ರಾದ ಒಳಗಿನ ಅರಮನೆಗಳಿಗೆ ನಿಗದಿತ ಗಳಿಗೆಗೇ ಹೋಗಬೇಕು. ತಿಂಗಳ ಮೊದಲೇ ಟಿಕೆಟ್ಟು ಕಾದಿರಿಸಿದ್ದೆವು. ಗಾರೆಯಲ್ಲಿ ಜಾಲಂದರದಂತೆ ಕೆತ್ತಿದ ಗೋಡೆಗಳು, ಹನ್ನೆರಡು ಸಿಂಹಗಳ ಕಾರಂಜಿ, ನಿಂತ ನೀರಿನಲ್ಲಿ ತಲೆಕೆಳಗಾಗಿ ಕಾಣುವ ಕಮಾನು. ಅದನ್ನು ಬಣ್ಣಿಸುವ ಶಕ್ತಿ ನಮಗಿಲ್ಲ. ಸಂಜೆ ಊರೊಳಗಿನ ಒಂದು ಪಾನಗೃಹಕ್ಕೆ ಹೋದೆವು. ಗ್ರನಾಡಾದಲ್ಲಿ ಏನಾದರೂ ಕುಡಿಯಲು ಕೇಳಿದರೆ, ಅದರೊಡನೆ ಒಂದು ಸಣ್ಣ ತಟ್ಟೆ ತಿನಿಸನ್ನು ಬೆಲೆಯಿಲ್ಲದೆ ಕೊಡುವುದು ಪದ್ಧತಿ. ನಾವು ಎರಡು ಲೋಟ ನಿಂಬೆಯ ಪಾನಕ ಕೇಳಿದೆವು. ಬಂದ ತಟ್ಟೆಯಲ್ಲಿ ರೊಟ್ಟಿಯ ಮೇಲೆ ಹಾಮೋನ್.

ಒಂದು ವಾರದ ಹಿಂದೆಯಾಗಿದ್ದರೆ ಮುಖ ಬಿಗಿಯುತ್ತಿತ್ತು. ಈಗ ಪಕ್ಕದಲ್ಲಿ ನಿಂತಿದ್ದ ಇಬ್ಬರು ವಿದ್ಯಾರ್ಥಿಗಳ ಕಡೆ ತಟ್ಟೆಯನ್ನು ಸರಿಸಿ, ತೆಗೆದುಕೊಳ್ಳಿ ಎಂದು ಸನ್ನೆ ಮಾಡಿದೆವು. ಅ
ವರಿಗೆ ಬಂದಿದ್ದ ಬಟಾಟೆ ಆಮ್ಲೆಟ್ಟು ನಮ್ಮ ಕಡೆ ಬಂತು. ಯಾರ ಕಟ್ಟುಪಾಡೂ ಮುರಿಯಲಿಲ್ಲ. ಇಬ್ಬರೂ ನಮ್ಮ ಊರು ಕೇಳಿದರು. ನಾವು ಅವರ ಓದಿನ ಬಗ್ಗೆ ಕೇಳಿದೆವು. ಹಾಮೋನ್ ಇದ್ದ ತಟ್ಟೆಯನ್ನು ಮುಟ್ಟಿದ ಕೈಯಲ್ಲೇ ನಾವು ಆ ಆಮ್ಲೆಟ್ಟು ತಿಂದೆವು ಎಂಬುದು ಕೋಣೆಗೆ ಬಂದ ಮೇಲೆ ಹೊಳೆಯಿತು.

ಈಗ ನಮ್ಮ ಅಭಿಪ್ರಾಯ. ತನ್ನ ಬಾಯಿಗೆ ಏನು ಬೇಕು, ಏನು ಬೇಡ ಎಂಬುದು ಪ್ರತಿಯೊಬ್ಬರ ಹಕ್ಕು. ನಾವು ಮುಂದೆಯೂ ಮಾಂಸ ತಿನ್ನುವವರಲ್ಲ, ಅದಕ್ಕಾಗಿ ಕ್ಷಮೆ ಕೇಳುವವರೂ ಅಲ್ಲ. ಆದರೆ ಇನ್ನೊಬ್ಬರ ತಟ್ಟೆ ನೋಡಿ ಅವರು ನಮ್ಮ ನೆರೆಯವರಾಗಲು ಯೋಗ್ಯರೋ ಅಲ್ಲವೋ ಎಂದು ತೀರ್ಮಾನಿಸುವ ಹಕ್ಕು ಯಾರಿಗೂ ಇಲ್ಲ. ಮೊದಲನೆಯದು ವ್ರತ, ಎರಡನೆಯದು ವಿಚಾರಣೆ. ಇವೆರಡನ್ನೂ ನಾವು ಬಹಳ ಕಾಲದಿಂದ ಒಂದೇ ಎಂದು ನಂಬಿಕೊಂಡು ಬಂದಿದ್ದೇವೆ.

ಒಂದು ಬಾಡಿಗೆಮನೆಯ ವಿಷಯಕ್ಕೆ ಇನ್‌ಕ್ವಿಸಿಶನ್ನನ್ನು ತರುವುದು ಅತಿರೇಕ ಎಂದು ಸ್ನೇಹಿತರು ಹೇಳಬಹುದು. ಒಪ್ಪುತ್ತೇವೆ. ಇಲ್ಲಿ ಯಾರನ್ನೂ ಸೆರೆಗೆ ಹಾಕಲಿಲ್ಲ, ಯಾರನ್ನೂ ಸುಡಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಸತ್ತವರಿಗೆ ಅವಮಾನ. ನಾವು ಹೇಳುತ್ತಿರುವುದು ಅಭ್ಯಾಸದ ಬಗ್ಗೆ. ಒಲೆಯ ಮೇಲೆ ಏನಿದೆ ಎಂದು ಮೂಸಿ ನೋಡಿ ಮನುಷ್ಯನನ್ನು ಅಳೆಯುವ ಅಭ್ಯಾಸ ಅಲ್ಲಿಯೂ ಪಕ್ಕದ ಮನೆಯವರಿಂದಲೇ ಆರಂಭವಾಗಿತ್ತು. ಮೀನಿನ ವಾಸನೆ ಸಹಿಸಲಾಗದು ಎಂಬುದು ಇನ್ನೊಂದು ವಾದ. ಇಂಗಿನ ಒಗ್ಗರಣೆಯ ವಾಸನೆ ಸಹಿಸಲಾಗದು ಎಂದು ಪರದೇಶಗಳಲ್ಲಿ ನಮ್ಮವರಿಗೆ ಮನೆ ನಿರಾಕರಿಸಿದಾಗ ನಾವು ಅದನ್ನು ವರ್ಣಭೇದ ಎಂದು ಕರೆಯುತ್ತೇವೆ. ಸರಿಯಾಗಿಯೇ ಕರೆಯುತ್ತೇವೆ.

ಯುರೋಪು ಈ ಪಾಠವನ್ನು ಕಲಿತು ಮುಗಿಸಿದೆ ಎಂದೂ ನಾವು ಹೇಳುವುದಿಲ್ಲ. 2009ರಲ್ಲಿ ಇಟಲಿಯ ಲುಕ್ಕಾ ನಗರದ ಆಡಳಿತ, ಕೋಟೆಯೊಳಗಿನ ಹಳೆಯ ಊರಿನಲ್ಲಿ ಪರದೇಶದ ಅಡುಗೆಯ ಹೊಸ ಹೋಟೆಲುಗಳನ್ನು ತೆರೆಯುವಂತಿಲ್ಲ ಎಂದು ನಿಯಮ ಮಾಡಿತು. ಟೊಮೇಟೊ ಎಲ್ಲಿಂದ ಬಂತು ಎಂಬುದನ್ನು ಇಟಲಿಯವರೂ ಮರೆಯಬಲ್ಲರು.

ಹೊರನಾಡಿನ ಕನ್ನಡಿಗರಾದ ನಮಗೆ ಈ ವಿಷಯದಲ್ಲಿ ಹೆಚ್ಚಿನ ಹೊಣೆಯಿದೆ ಎಂದು ನಮಗನಿಸುತ್ತದೆ. ಇನ್ನೊಂದು ಭಾಷೆಯ ಊರಿಗೆ ಬಂದು, ಬಾಡಿಗೆಮನೆ ಹುಡುಕಿ, ನೆರೆಯವರ ಮುಖ ನೋಡಿ ಬದುಕು ಕಟ್ಟಿಕೊಂಡವರು ನಾವು. ಮೂವತ್ತು ವರ್ಷಗಳ ಹಿಂದೆ ನಮಗೆ ಮೊದಲ ಮನೆ ಕೊಟ್ಟ ಮರಾಠಿ ಮಾಲೀಕರು ಮೀನು ತಿನ್ನುವವರು. ನಾವು ಏನು ತಿನ್ನುತ್ತೇವೆ ಎಂದು ಅವರು ಕೇಳಲಿಲ್ಲ. ಬಾಡಿಗೆ ಯಾವ ತಾರೀಖಿಗೆ ಕೊಡುತ್ತೀರಿ ಎಂದಷ್ಟೇ ಕೇಳಿದರು.

ಮರಳಿ ಬಂದಾಗ ಚೀಲದಲ್ಲಿ ಅವಲಕ್ಕಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಆ ಯುವ ದಂಪತಿಗೆ ಫೋನು ಮಾಡಿದೆವು. ಅವರಿಗೆ ವಸಯಿಯ ಕಡೆ ಮನೆ ಸಿಕ್ಕಿದೆಯಂತೆ. ಕೆಲಸಕ್ಕೆ ಹೋಗಿಬರಲು ದಿನಕ್ಕೆ ಮೂರು ಗಂಟೆ. ಅವರಿಗೆ ಆದದ್ದನ್ನು ಈಗ ಸರಿಪಡಿಸಲು ನಮ್ಮಿಂದಾಗದು. ಅರ್ಜಿ ನಮೂನೆಯಿಂದ ‘ಆಹಾರ’ ಎಂಬ ಕಾಲಂ ತೆಗೆಯಬೇಕೆಂದು ಇಬ್ಬರೂ ಸಹಿ ಮಾಡಿ ಸೊಸೈಟಿಗೆ ಪತ್ರ ಕೊಟ್ಟಿದ್ದೇವೆ. ಕಾರ್ಯದರ್ಶಿಗಳು ಅದನ್ನು ಎರಡು ಸಲ ಓದಿ, ‘ನೀವು ಶಾಕಾಹಾರಿಗಳೇ ಅಲ್ಲವೆ?’ ಎಂದು ಕೇಳಿದರು. ಹೌದು ಎಂದೆವು. ಸಭೆ ಮುಂದಿನ ತಿಂಗಳು.